ಕೇಬಲ್ ಎರಡೂ ಹೋದರೂ ಕ್ಲಸ್ಟರ್ ಯಾಕೆ ಅಲುಗಲಿಲ್ಲ?

ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ. ಈ ಸಂಚಿಕೆಯ ಪ್ರಶ್ನೆಗಳೆಲ್ಲ ಸರ್ವರ್ ಕ್ಲಸ್ಟರ್‌ಗಳ ನೆಟ್‌ವರ್ಕ್ ಕೈಕೊಟ್ಟಾಗಿನ ಫೇಲ್‌ಓವರ್ ಕುರಿತವು. ಒಂದೇ ಸೇವೆಗಾಗಿ ಜೊತೆಗೂಡಿಸಿದ ಸರ್ವರ್‌ಗಳ ಗುಂಪು ಕ್ಲಸ್ಟರ್, ಅದರ ಪ್ರತಿ ಸರ್ವರ್ ಒಂದು ನೋಡ್; ಒಂದು ಕೆಟ್ಟಾಗ ಸೇವೆ ಇನ್ನೊಂದಕ್ಕೆ ಹೋಗುವುದೇ ಫೇಲ್‌ಓವರ್.

ಪ್ರಶ್ನೆ: ನಮ್ಮಲ್ಲಿ ಎರಡು ನೋಡ್‌ಗಳ ಪೇಸ್‌ಮೇಕರ್ (ಸೇವೆಗಳನ್ನು ನಿಭಾಯಿಸುವ ತಂತ್ರಾಂಶ) ಕ್ಲಸ್ಟರ್ ಇದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದರ ಡಿಸ್ಕ್, ಸೇವೆಯ ಜೊತೆ ಸರ್ವರ್‌ನಿಂದ ಸರ್ವರ್‌ಗೆ ಸಾಗುವ ಒಂದು ವರ್ಚುವಲ್ ಐಪಿ ವಿಳಾಸ, ಈ ಮೂರೂ ಒಂದೇ ಗುಂಪಿನಲ್ಲಿವೆ. ಪ್ರತಿ ಸರ್ವರ್‌ನಿಂದ ಎರಡು ಸ್ವಿಚ್‌ಗಳಿಗೆ ತಲಾ ಒಂದು ಕೇಬಲ್ ಹೋಗುತ್ತದೆ, ಎರಡನ್ನೂ ಸೇರಿಸಿ ಒಂದೇ ಸಂಪರ್ಕದಂತೆ ಬಾಂಡ್ ಮಾಡಿದ್ದೇವೆ. ‘ನಾನು ಬದುಕಿದ್ದೇನೆ’ ಎಂದು ನೋಡ್‌ಗಳು ಒಂದಕ್ಕೊಂದು ಹೇಳುವ ಹಾರ್ಟ್‌ಬೀಟ್‌ಗೆ ಮಾತ್ರ ಸರ್ವರ್‌ನಿಂದ ಸರ್ವರ್‌ಗೆ ನೇರ ಕೇಬಲ್. ರ‍್ಯಾಕ್ ಕೆಲಸದ ವೇಳೆ ಮೊದಲ ಸರ್ವರ್‌ನ ಬಾಂಡ್ ಕೇಬಲ್‌ಗಳೆರಡೂ ಕಳಚಿಕೊಂಡವು. ಬಳಕೆದಾರರಿಗೆ ಡೇಟಾಬೇಸ್ ಸಿಗಲಿಲ್ಲ. ಕ್ಲಸ್ಟರ್ ಸ್ಟೇಟಸ್ ನೋಡಿದರೆ ಎರಡೂ ನೋಡ್ ಆನ್‌ಲೈನ್, ಎಲ್ಲ ಸೇವೆಯೂ ‘ಸ್ಟಾರ್ಟೆಡ್’. ಎರಡನೇ ಸರ್ವರ್‌ಗೆ ಸೇವೆ ಯಾಕೆ ಹೋಗಲಿಲ್ಲ? (ಹುಬ್ಬಳ್ಳಿಯ ಓದುಗರು)

ಉತ್ತರ: ಕ್ಲಸ್ಟರ್‌ನ ಲೆಕ್ಕದಲ್ಲಿ ಏನೂ ಕೆಟ್ಟಿರಲಿಲ್ಲ. ನೀವು ನೋಡು ಎಂದು ಹೇಳಿದ್ದನ್ನಷ್ಟೇ ಅದು ನೋಡುತ್ತದೆ. ಒಂದು ನೋಡ್ ಬದುಕಿದೆಯೇ ಎಂದು ತಿಳಿಯಲು ನೋಡ್‌ಗಳ ಸಂಪರ್ಕ ನೋಡಿಕೊಳ್ಳುವ ಕೊರೊಸಿಂಕ್ ತಂತ್ರಾಂಶ ಬಳಸುವುದು ಹಾರ್ಟ್‌ಬೀಟ್ ದಾರಿಯನ್ನು. ನಿಮ್ಮಲ್ಲಿ ಅದು ನೇರ ಕೇಬಲ್, ಅದಕ್ಕೇನೂ ಆಗಿರಲಿಲ್ಲ. ಸೇವೆ ಬದುಕಿದೆಯೇ ಎಂದು ನೋಡುವುದು ಪೇಸ್‌ಮೇಕರ್‌ನ ರಿಸೋರ್ಸ್ ಏಜೆಂಟ್‌ಗಳು, ಅಂದರೆ ಸೇವೆಗೊಂದರಂತಿರುವ ಸಣ್ಣ ಸ್ಕ್ರಿಪ್ಟ್‌ಗಳು. ಪೋಸ್ಟ್‌ಗ್ರೆಸ್ ಏಜೆಂಟ್ ಅದೇ ಸರ್ವರ್‌ನೊಳಗಿಂದ ವಿಚಾರಿಸಿತು, ಉತ್ತರ ಸಿಕ್ಕಿತು. ವರ್ಚುವಲ್ ಐಪಿ ನೋಡಿಕೊಳ್ಳುವ ಏಜೆಂಟ್ ಹಳೆಯ ಆವೃತ್ತಿಗಳಲ್ಲಿ ಆ ವಿಳಾಸ ಇಂಟರ್‌ಫೇಸ್ ಮೇಲೆ ಕೂತಿದೆಯೇ ಎಂಬುದನ್ನಷ್ಟೇ ಪರೀಕ್ಷಿಸುತ್ತದೆ. ಕೇಬಲ್ ಕಿತ್ತರೂ ವಿಳಾಸ ಅಲ್ಲೇ ಕೂತಿರುತ್ತದೆ. ಇತ್ತೀಚಿನ ಆವೃತ್ತಿಗಳು ಲಿಂಕ್ ಬಿದ್ದಿದೆಯೇ ಎಂದೂ ನೋಡುತ್ತವೆ, ಆದರೆ ಸ್ವಿಚ್‌ನಿಂದಾಚೆ ಏನಾಗಿದೆ ಎಂಬುದು ಅವುಗಳಿಗೂ ಗೊತ್ತಾಗುವುದಿಲ್ಲ.

ಹಾಗಾಗಿ ಹೊರಗಿನ ದಾರಿ ತೆರೆದಿದೆಯೇ ಎಂದು ನೋಡುವ ಕೆಲಸವನ್ನು ಪ್ರತ್ಯೇಕವಾಗಿ ಒಪ್ಪಿಸಬೇಕು. ಪೇಸ್‌ಮೇಕರ್ ಜೊತೆಯಲ್ಲೇ ಬರುವ ‘ಪಿಂಗ್’ ಏಜೆಂಟ್ ಇರುವುದು ಇದಕ್ಕೇ. ಅದನ್ನು ಕ್ಲೋನ್ ಆಗಿ, ಅಂದರೆ ನೋಡ್‌ಗೊಂದು ಪ್ರತಿಯಂತೆ ಮಾಡಿ, ಎರಡೂ ನೋಡ್‌ಗಳಲ್ಲಿ ಸದಾ ಓಡಿಸುತ್ತಿರಬೇಕು. ಹೋಸ್ಟ್ ಪಟ್ಟಿಯಲ್ಲಿ ಮೂರು ವಿಳಾಸ ಕೊಡಿ: ಗೇಟ್‌ವೇ (ಹೊರ ನೆಟ್‌ವರ್ಕ್‌ಗೆ ದಾರಿ ಕೊಡುವ ರೂಟರ್), ಒಳಗಿನ ಡಿಎನ್ಎಸ್ (ಹೆಸರಿನಿಂದ ವಿಳಾಸ ತಿಳಿಸುವ) ಸರ್ವರ್, ಬಳಕೆದಾರರ ಕಡೆಯ ಇನ್ನೊಂದು ಸ್ಥಿರ ಯಂತ್ರ. ಗುಣಕ 1000 ಇಡಿ. ಮೂರೂ ಉತ್ತರಿಸಿದರೆ ಆ ನೋಡ್‌ಗೆ 3000 ಅಂಕ, ಒಂದು ಉತ್ತರಿಸದಿದ್ದರೆ 2000, ಎಲ್ಲ ಕಡಿದರೆ ಸೊನ್ನೆ. ಈ ಅಂಕ ‘ಪಿಂಗ್‌ಡಿ’ ಎಂಬ ಹೆಸರಿನಲ್ಲಿ ನೋಡ್‌ನ ಗುಣಲಕ್ಷಣವಾಗಿ ದಾಖಲಾಗುತ್ತದೆ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅನೇಕ ಕೈಪಿಡಿಗಳಲ್ಲಿ ಕಾಣುವ ನಿಯಮ ‘ಪಿಂಗ್‌ಡಿ 1ಕ್ಕಿಂತ ಕಡಿಮೆಯಾದರೆ ಮೈನಸ್ ಇನ್ಫಿನಿಟಿ’ ಎಂಬುದು. ಅಂದರೆ ಆ ನೋಡ್ ಮೇಲೆ ಸೇವೆ ಇರಲೇಕೂಡದು ಎಂದರ್ಥ. ಒಂದು ನೋಡ್‌ನ ಕೇಬಲ್ ಹೋದಾಗ ಇದು ಸರಿಯಾಗಿ ಕೆಲಸ ಮಾಡುತ್ತದೆ. ಆದರೆ ಪಟ್ಟಿಯ ವಿಳಾಸಗಳೆಲ್ಲ ಗೇಟ್‌ವೇ ಆಚೆಗಿದ್ದರೆ, ಗೇಟ್‌ವೇ ರೂಟರ್ ರೀಬೂಟ್ ಆದ ದಿನ ಎರಡೂ ನೋಡ್‌ಗಳ ಅಂಕ ಒಟ್ಟಿಗೇ ಸೊನ್ನೆಯಾಗಿ, ಕ್ಲಸ್ಟರ್ ಎರಡೂ ಕಡೆ ಡೇಟಾಬೇಸನ್ನು ನಿಲ್ಲಿಸಿಬಿಡುತ್ತದೆ. ಒಳಗಿನ ಬೇರೆ ಸರ್ವರ್‌ಗಳಿಗೆ ಸಿಗುತ್ತಿದ್ದ ಸೇವೆಯೂ ಹೋಯಿತು. ಪಟ್ಟಿಯಲ್ಲಿ ಗೇಟ್‌ವೇ ಒಂದನ್ನೇ ಬರೆದಿದ್ದರಂತೂ ಇದು ಖಂಡಿತ.

ನಮ್ಮ ಸಲಹೆ ಬೇರೆ: ಸೇವೆ ಎಲ್ಲಿ ಓಡಬೇಕೆಂಬ ಸ್ಥಳ ನಿಯಮದಲ್ಲಿ ಸ್ಥಿರ ಅಂಕ ಬರೆಯಬೇಡಿ. ‘ಸ್ಕೋರ್ ಆಟ್ರಿಬ್ಯೂಟ್’ ಆಯ್ಕೆಗೆ ಪಿಂಗ್‌ಡಿ ಎಂದು ಕೊಟ್ಟು, ‘ಪಿಂಗ್‌ಡಿ ಇದ್ದರೆ’ ಎಂಬುದಷ್ಟನ್ನೇ ಷರತ್ತಾಗಿಡಿ. ಆಗ ಹೆಚ್ಚು ದಾರಿ ಕಾಣುವ ನೋಡ್‌ಗೆ ಸೇವೆ ಹೋಗುತ್ತದೆ. ಇಬ್ಬರಿಗೂ ಏನೂ ಕಾಣದಿದ್ದರೆ ಇಬ್ಬರ ಅಂಕವೂ ಸೊನ್ನೆ, ಸೇವೆ ಇದ್ದಲ್ಲೇ ಉಳಿಯುತ್ತದೆ.

ಇದರ ಜೊತೆ ಸ್ಟಿಕಿನೆಸ್, ಅಂದರೆ ಸೇವೆ ಇದ್ದಲ್ಲೇ ಉಳಿಯಲು ಕೊಡುವ ಅಂಕದ ಲೆಕ್ಕ ಹಾಕಬೇಕು. ಗುಂಪಿನಲ್ಲಿ ಓಡುತ್ತಿರುವ ಪ್ರತಿ ಸದಸ್ಯನ ಸ್ಟಿಕಿನೆಸ್ ಒಟ್ಟು ಕೂಡುತ್ತದೆ. ನಿಮ್ಮ ಗುಂಪಿನಲ್ಲಿ ಮೂವರಿದ್ದಾರೆ. ತಲಾ 500 ಇಟ್ಟರೆ ಒಟ್ಟು 1500. ಆಗ ಒಂದು ವಿಳಾಸ ತಾತ್ಕಾಲಿಕವಾಗಿ ಉತ್ತರಿಸದೆ 1000 ವ್ಯತ್ಯಾಸ ಬಂದರೆ ಸೇವೆ ಕದಲುವುದಿಲ್ಲ, ಎರಡು ಹೋಗಿ 2000 ವ್ಯತ್ಯಾಸ ಬಂದರೆ ಕದಲುತ್ತದೆ. ಸ್ಟಿಕಿನೆಸ್ ತಲಾ 1000 ಇಟ್ಟರೆ ಒಟ್ಟು 3000 ಆಗಿ, ಎಲ್ಲ ಕೇಬಲ್ ಕಿತ್ತರೂ ವ್ಯತ್ಯಾಸ ಅದನ್ನು ಮೀರದು. ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತದೆ.

ಸಮಯದ ಅಂದಾಜು ಹೀಗಿದೆ. ಪಿಂಗ್ ಮಾನಿಟರ್ ಪ್ರತಿ 10 ಸೆಕೆಂಡಿಗೊಮ್ಮೆ ಓಡಿದರೆ, ಮೂರು ಯತ್ನಗಳು ಸೋಲಲು ಕೆಲವು ಸೆಕೆಂಡು, ‘ಡ್ಯಾಂಪನ್’, ಅಂದರೆ ಅಂಕ ಬದಲಿಸುವ ಮುನ್ನ ಕಾಯುವ ಹೊತ್ತು, 5 ಸೆಕೆಂಡು. ಕೇಬಲ್ ಹೋದ ಮೇಲೆ ನಿರ್ಧಾರವಾಗಲು ಸುಮಾರು 20 ಸೆಕೆಂಡು ಹಿಡಿಯುತ್ತದೆ. ಆಮೇಲೆ ಪೋಸ್ಟ್‌ಗ್ರೆಸ್ ನಿಲ್ಲಿಸಿ, ಡಿಸ್ಕ್ ಬಿಡಿಸಿ, ಆ ಕಡೆ ಶುರುಮಾಡುವ ಹೊತ್ತು ಬೇರೆ. ಡ್ಯಾಂಪನ್ ಅನ್ನು ಸೊನ್ನೆ ಮಾಡುವ ಆಸೆ ಬೇಡ. ಎರಡೂ ನೋಡ್‌ಗಳ ಅಂಕ ಒಂದೇ ಕಾರಣಕ್ಕೆ, ಒಂದೆರಡು ಸೆಕೆಂಡು ಹಿಂದೆಮುಂದೆ ಇಳಿದಾಗ ಸುಮ್ಮನೆ ಸೇವೆ ಅತ್ತಿತ್ತ ಓಡದಂತೆ ತಡೆಯುವುದು ಅದೇ.

ಪ್ರಶ್ನೆ: ಬಾಂಡಿಂಗ್‌ನಲ್ಲಿ ಆಕ್ಟಿವ್-ಬ್ಯಾಕಪ್ (ಒಂದು ಕೇಬಲ್ ಕೆಲಸದಲ್ಲಿ, ಇನ್ನೊಂದು ಕಾಯುತ್ತಿರುವ) ವಿಧಾನ ಹಾಕಿದ್ದೇವೆ, ಲಿಂಕ್ ಪರೀಕ್ಷೆಯ ಅಂತರ ‘ಮಿಮಾನ್’ 100. ಒಂದು ಕೇಬಲ್ ಕಿತ್ತರೆ ಇನ್ನೊಂದಕ್ಕೆ ಕ್ಷಣದಲ್ಲಿ ಹೋಗುತ್ತದೆ. ಆದರೆ ಮೊನ್ನೆ ಮೊದಲ ಸ್ವಿಚ್‌ನಿಂದ ಕೋರ್ (ಮುಖ್ಯ) ಸ್ವಿಚ್‌ಗೆ ಹೋಗುವ ಫೈಬರ್ ತುಂಡಾದಾಗ ಬಾಂಡ್ ಬದಲಾಗಲೇ ಇಲ್ಲ. (ಮೈಸೂರಿನ ಓದುಗರು)

ಉತ್ತರ: ಮಿಮಾನ್ ನೋಡುವುದು ಸರ್ವರ್‌ನ ಕಾರ್ಡ್ ಮತ್ತು ಎದುರಿನ ಸ್ವಿಚ್ ಪೋರ್ಟ್ ನಡುವಿನ ಸಿಗ್ನಲ್ ಅನ್ನು ಮಾತ್ರ, ಪ್ರತಿ 100 ಮಿಲಿಸೆಕೆಂಡಿಗೊಮ್ಮೆ. ಸ್ವಿಚ್‌ಗೆ ಕರೆಂಟ್ ಇದ್ದು ಪೋರ್ಟ್ ದೀಪ ಉರಿಯುತ್ತಿದ್ದರೆ ಅದರ ಪಾಲಿಗೆ ಎಲ್ಲವೂ ಸರಿ. ಆ ಸ್ವಿಚ್‌ನ ಬೆನ್ನ ಹಿಂದೆ ಏನು ಮುರಿದಿದೆ ಎಂಬುದು ಅದಕ್ಕೆ ಕಾಣದು.

ಪರಿಹಾರ ಎರಡು ರೀತಿ. ಸ್ವಿಚ್ ಕಡೆ ಲಿಂಕ್ ಸ್ಟೇಟ್ ಟ್ರ್ಯಾಕಿಂಗ್ ಸೌಲಭ್ಯವಿದ್ದರೆ ಅದನ್ನೇ ಹಾಕಿ. ಅಪ್‌ಲಿಂಕ್ (ಕೋರ್ ಕಡೆಯ ಸಂಪರ್ಕ) ಬಿದ್ದರೆ ಸ್ವಿಚ್ ತಾನೇ ಸರ್ವರ್ ಪೋರ್ಟ್‌ಗಳನ್ನು ಕೆಳಗಿಳಿಸುತ್ತದೆ, ಮಿಮಾನ್‌ಗೆ ತಿಳಿಯುತ್ತದೆ. ಇಲ್ಲದಿದ್ದರೆ ಸರ್ವರ್ ಕಡೆ ಎಆರ್‌ಪಿ ಮಾನಿಟರಿಂಗ್‌ಗೆ ಬದಲಾಯಿಸಿ; ಎಆರ್‌ಪಿ ಎಂದರೆ ಒಂದು ಐಪಿಯ ಹಿಂದಿನ ಕಾರ್ಡ್ ವಿಳಾಸ (ಮ್ಯಾಕ್) ಯಾವುದೆಂದು ಕೇಳುವ ಸಂದೇಶ. ಎಆರ್‌ಪಿ ಇಂಟರ್ವಲ್ 1000 ಮಿಲಿಸೆಕೆಂಡ್ ಇಟ್ಟು, ಗುರಿಯಾಗಿ ಕನಿಷ್ಠ ಎರಡು ವಿಳಾಸ ಕೊಡಿ (16ರವರೆಗೆ ಕೊಡಬಹುದು). ಒಂದೇ ಗುರಿ ಇದ್ದು ಅದೇ ಸತ್ತರೆ ಬಾಂಡ್‌ನ ಎರಡು ಕಾಲೂ ಸತ್ತಂತೆ ಲೆಕ್ಕ. ಎಆರ್‌ಪಿ ವ್ಯಾಲಿಡೇಟ್ ಕೂಡ ಹಾಕಿ. ಇಲ್ಲವಾದರೆ ಅದೇ ಸ್ವಿಚ್‌ನಲ್ಲಿರುವ ಬೇರೆ ಯಂತ್ರಗಳ ಮಾತುಕತೆಯನ್ನೇ ಜೀವದ ಗುರುತು ಎಂದುಕೊಂಡು ಬಾಂಡ್ ಮೋಸ ಹೋಗಬಹುದು. ಮಿಮಾನ್ ಮತ್ತು ಎಆರ್‌ಪಿ ಎರಡನ್ನೂ ಒಟ್ಟಿಗೆ ಬಳಸಲು ಬರುವುದಿಲ್ಲ. 802.3ಎಡಿ, ಅಂದರೆ ಸರ್ವರ್ ಮತ್ತು ಸ್ವಿಚ್ ಮಾತಾಡಿಕೊಂಡು ಲಿಂಕ್‌ಗಳನ್ನು ಜೋಡಿಸುವ ಎಲ್‌ಎಸಿಪಿ ವಿಧಾನದಲ್ಲಿ ಎಆರ್‌ಪಿ ಮಾನಿಟರಿಂಗ್ ನಡೆಯುವುದಿಲ್ಲ. ಅಲ್ಲಿ ಎಲ್‌ಎಸಿಪಿ ದರವನ್ನು ‘ಫಾಸ್ಟ್’ ಮಾಡಿ. ‘ಸ್ಲೋ’ ಇದ್ದರೆ 30 ಸೆಕೆಂಡಿಗೊಂದು ಸಂದೇಶ, 90 ಸೆಕೆಂಡು ಮೌನವಾದ ಮೇಲೆ ಲಿಂಕ್ ಕೈಬಿಡುತ್ತದೆ. ‘ಫಾಸ್ಟ್’ ಇದ್ದರೆ ಸೆಕೆಂಡಿಗೊಂದು, 3 ಸೆಕೆಂಡಿಗೆ ತೀರ್ಮಾನ.

ಹೋದ ಸ್ವಿಚ್ ಮರಳಿ ಬರುವಾಗಿನ ತೊಂದರೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಸ್ವಿಚ್ ಬೂಟ್ ಆಗುತ್ತಿರುವಾಗಲೇ ಪೋರ್ಟ್ ದೀಪ ಹತ್ತುತ್ತದೆ, ಆದರೆ ಅದು ಪ್ಯಾಕೆಟ್ ಸಾಗಿಸಲು ಇನ್ನೂ ತಯಾರಿಲ್ಲ. ಪ್ರೈಮರಿ ಎಂದು ಒಂದು ಕಾರ್ಡನ್ನು ಗೊತ್ತುಮಾಡಿದ್ದರೆ ಬಾಂಡ್ ತಕ್ಷಣ ಅದಕ್ಕೆ ಹಾರಿ ಸಂಪರ್ಕ ಕಳೆದುಕೊಳ್ಳುತ್ತದೆ. ಸ್ವಿಚ್‌ಗಳ ನಡುವೆ ಸುತ್ತು ಬೀಳದಂತೆ ತಡೆಯುವ ಸ್ಪ್ಯಾನಿಂಗ್ ಟ್ರೀಯ ಹಳೆಯ ವಿಧಾನದಲ್ಲಿ ಪೋರ್ಟ್ ತೆರೆಯಲು 15 ಮತ್ತು 15, ಒಟ್ಟು 30 ಸೆಕೆಂಡು ಬೇಕು. ‘ಅಪ್‌ಡಿಲೇ’ (ಮರಳಿದ ಲಿಂಕ್ ಬಳಸುವ ಮುನ್ನ ಕಾಯುವ ಹೊತ್ತು) 60000 ಮಿಲಿಸೆಕೆಂಡ್ ಇಡಿ, ಅದು ಮಿಮಾನ್‌ನ ಅಪವರ್ತ್ಯವಾಗಿರಲಿ. ಸರ್ವರ್ ಪೋರ್ಟ್‌ಗಳಿಗೆ ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ.

ರ‍್ಯಾಕ್ ಹಿಂದೆ ಹೋಗಿ ಕಣ್ಣಾರೆ ನೋಡಬೇಕಾದದ್ದೂ ಇದೆ. ಬಾಂಡ್‌ನ ಎರಡೂ ಪೋರ್ಟ್ ಒಂದೇ ಕಾರ್ಡಿನ ಮೇಲಿವೆಯೇ? ಎರಡು ಸ್ವಿಚ್‌ಗಳೂ ಒಂದೇ ಪವರ್ ಸ್ಟ್ರಿಪ್‌ನಿಂದ ಕರೆಂಟ್ ಪಡೆಯುತ್ತಿವೆಯೇ? ಎರಡು ಫೈಬರ್‌ಗಳೂ ಒಂದೇ ಟ್ರೇಯಲ್ಲಿ ಓಡಿವೆಯೇ? ಹೌದಾದರೆ ಹಗ್ಗ ಎರಡಿದ್ದರೂ ಗೂಟ ಒಂದೇ.

ಪ್ರಶ್ನೆ: ಎರಡು ನೋಡ್ ನಡುವಿನ ಹಾರ್ಟ್‌ಬೀಟ್ ಕಡಿದಾಗ ಎರಡೂ ಸರ್ವರ್ ಒಂದನ್ನೊಂದು ಆಫ್ ಮಾಡಿಕೊಂಡವು. ಈ ಕಾಟವೇ ಬೇಡವೆಂದು ಸ್ಟೋನಿತ್ ತೆಗೆದುಹಾಕೋಣ ಎಂದುಕೊಂಡಿದ್ದೇವೆ. ಸರಿಯೇ? (ದುಬೈನಲ್ಲಿರುವ ಕನ್ನಡಿಗ ಓದುಗರು)

ಉತ್ತರ: ದಯವಿಟ್ಟು ತೆಗೆಯಬೇಡಿ. ಹಾರ್ಟ್‌ಬೀಟ್ ನಿಂತಾಗ ಆ ಕಡೆಯ ಸರ್ವರ್ ಸತ್ತಿದೆಯೋ, ಬರೀ ಕೇಬಲ್ ಸತ್ತಿದೆಯೋ ಎಂದು ಈ ಕಡೆಯವನಿಗೆ ತಿಳಿಯಲು ಯಾವ ದಾರಿಯೂ ಇಲ್ಲ. ಸ್ಟೋನಿತ್, ಅಂದರೆ ಫೆನ್ಸಿಂಗ್, ಅನುಮಾನದ ನೋಡ್‌ನ ಕರೆಂಟ್ ಕಿತ್ತು ಆ ಅನುಮಾನವನ್ನೇ ಇಲ್ಲವಾಗಿಸುತ್ತದೆ. ಅದಿಲ್ಲದಿದ್ದರೆ ಇಬ್ಬರೂ ‘ನಾನೇ ಯಜಮಾನ’ ಎಂದು ಒಂದೇ ಡಿಸ್ಕನ್ನು ಮೌಂಟ್ ಮಾಡಿ ಬರೆಯುತ್ತಾರೆ. ಸಾಮಾನ್ಯ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆ ಹಾಗಾದ ಮೇಲೆ ಬ್ಯಾಕಪ್‌ನಿಂದಲೇ ಮರಳಬೇಕು. ಹತ್ತು ನಿಮಿಷ ಸೇವೆ ನಿಂತರೆ ಸಹಿಸಬಹುದು, ಹಾಳಾದ ದತ್ತಾಂಶವನ್ನು ಸಹಿಸಲಾಗದು.

ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ 2012ರ ಡಿಸೆಂಬರ್ 22ರಂದು ನಡೆದದ್ದು ನಿಮ್ಮ ಸ್ಥಿತಿಗೆ ಹತ್ತಿರದ್ದು. ಬೇರೆ ಸ್ವಿಚ್‌ಗಳನ್ನು ಕೂಡಿಸುವ ಅಗ್ರಿಗೇಶನ್ ಸ್ವಿಚ್‌ಗಳ ಸಾಫ್ಟ್‌ವೇರ್ ಮೇಲ್ದರ್ಜೆಗೇರಿಸುವಾಗ ಜೋಡಿ ಸ್ವಿಚ್‌ಗಳ ನಡುವಿನ ಹೊಂದಾಣಿಕೆ ತಪ್ಪಿ, ಸುಮಾರು ಒಂದೂವರೆ ನಿಮಿಷ ನೆಟ್‌ವರ್ಕ್ ಸ್ತಬ್ಧವಾಯಿತು. ಅವರ ಫೈಲ್ ಸರ್ವರ್‌ಗಳು ಪೇಸ್‌ಮೇಕರ್, ‘ಹಾರ್ಟ್‌ಬೀಟ್’ ಎಂಬ ಹೆಸರಿನದೇ ತಂತ್ರಾಂಶ ಮತ್ತು ಡಿಸ್ಕನ್ನು ಜೊತೆಗಾರನಿಗೆ ನಕಲಿಸುವ ಡಿಆರ್‌ಬಿಡಿ ಬಳಸುವ ಜೋಡಿಗಳಾಗಿದ್ದವು. ಜೊತೆಗಾರನ ದನಿ ಕೇಳಿಸದೆ ಅವು ಫೆನ್ಸಿಂಗ್‌ಗೆ ಇಳಿದವು, ಕೆಲವು ಜೋಡಿಗಳಲ್ಲಿ ಎರಡು ಸರ್ವರ್‌ಗಳೂ ಒಂದನ್ನೊಂದು ಹೊಡೆದುಕೊಂಡವು. ಸ್ವಿಚ್‌ಗಳು ಜೋಡಿಯಾಗಿದ್ದೂ, ಸರ್ವರ್‌ಗಳು ಜೋಡಿಯಾಗಿದ್ದೂ ಹೀಗಾಯಿತು.

ಇದನ್ನು ತಡೆಯುವ ಕ್ರಮ ಹೀಗಿರಲಿ. ಮೊದಲು ಹಾರ್ಟ್‌ಬೀಟ್‌ಗೆ ಎರಡನೇ ದಾರಿ ಕೊಡಿ. ಕೊರೊಸಿಂಕ್ 3ರಲ್ಲಿ 8 ಲಿಂಕ್‌ಗಳವರೆಗೆ ಕೊಡಬಹುದು; ನೇರ ಕೇಬಲ್ ಒಂದು, ಬಾಂಡ್ ಮೇಲೆ ಇನ್ನೊಂದು, ಇಷ್ಟು ಸಾಕು. ಎರಡರ ಸಬ್‌ನೆಟ್ (ವಿಳಾಸಗಳ ವಲಯ) ಬೇರೆಯಾಗಿರಲಿ.

ಆಮೇಲೆ ಫೆನ್ಸಿಂಗ್‌ಗೆ ತಡ ಇಡಿ. ಮೊದಲ ನೋಡನ್ನು ಆಫ್ ಮಾಡುವ ಫೆನ್ಸ್ ಸಾಧನಕ್ಕೆ ‘ಪಿಸಿಎಂಕೆ ಡಿಲೇ ಬೇಸ್’ 10 ಸೆಕೆಂಡು ಕೊಡಿ, ಎರಡನೆಯದಕ್ಕೆ ಕೊಡಬೇಡಿ. ಇಲ್ಲಿ ತಲೆಕೆಳಗು ಮಾಡುವವರು ಬಹಳ. ತಡ ಯಾರನ್ನು ಹೊಡೆಯುವ ಸಾಧನದ ಮೇಲಿದೆಯೋ ಅವರೇ ಬದುಕುವವರು. ಹೊಸ ಪೇಸ್‌ಮೇಕರ್‌ನಲ್ಲಿ ‘ಪ್ರಯಾರಿಟಿ ಫೆನ್ಸಿಂಗ್ ಡಿಲೇ’ ಇದ್ದು, ಮುಖ್ಯ ಸೇವೆ ಓಡುತ್ತಿರುವ ನೋಡ್ ಎಲ್ಲಿದೆಯೋ ಅದನ್ನೇ ಉಳಿಸುವಂತೆ ಮಾಡಬಹುದು. ಅದು ಇನ್ನೂ ಒಳ್ಳೆಯದು.

ಕೊರೊಸಿಂಕ್‌ನಲ್ಲಿ ‘ಟೂ ನೋಡ್’ ಹಾಕಿದರೆ ‘ವೇಟ್ ಫಾರ್ ಆಲ್’ (ಬೂಟ್ ಆದಾಗ ಇಬ್ಬರೂ ಕಾಣುವವರೆಗೆ ಕಾಯುವುದು) ತಾನಾಗಿಯೇ ಬರುತ್ತದೆ. ಅದನ್ನು ಕೈಯಾರೆ ತೆಗೆದಿದ್ದರೆ ಮತ್ತೆ ಹಾಕಿ. ಅದಿಲ್ಲದಿದ್ದರೆ ಹೊಡೆತ ತಿಂದ ನೋಡ್ ಬೂಟ್ ಆಗಿ ಎದ್ದು, ಕೇಬಲ್ ಇನ್ನೂ ಕಡಿದೇ ಇರುವುದರಿಂದ ಜೊತೆಗಾರನನ್ನು ಕಾಣದೆ ಅವನನ್ನು ಹೊಡೆಯುತ್ತದೆ. ಅವನು ಎದ್ದು ಇವನನ್ನು. ಕೇಬಲ್ ಹಾಕುವವರೆಗೂ ಇದು ನಡೆಯುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ದಾರಿ ಮೂರನೆಯವರನ್ನು ಪಂಚಾಯಿತಿಗೆ ಕರೆಯುವುದು. ಮೂರನೇ ಜಾಗದ ಒಂದು ಸಣ್ಣ ವರ್ಚುವಲ್ ಯಂತ್ರದಲ್ಲಿ ಮತ ಕೊಡುವ ಕ್ಯೂನೆಟ್‌ಡಿ ಓಡಿಸಿ, ಎರಡೂ ನೋಡ್‌ಗಳಲ್ಲಿ ಅದರೊಡನೆ ಮಾತಾಡುವ ಕ್ಯೂಡಿವೈಸ್ ಹಾಕಿ. ಟಿಸಿಪಿ 5403 ಪೋರ್ಟ್ ತೆರೆದಿರಬೇಕು. ‘ಎಫ್‌ಎಫ್‌ಸ್ಪ್ಲಿಟ್’ ವಿಧಾನದಲ್ಲಿ ಅದು ಒಂದೇ ಒಂದು ಕಡೆಗೆ ಮತ ಕೊಡುತ್ತದೆ. ಇದರಲ್ಲಿ ಹ್ಯೂರಿಸ್ಟಿಕ್ಸ್ ಎಂಬ ಸೌಲಭ್ಯವಿದೆ: ಪ್ರತಿ ನೋಡ್ ಗೇಟ್‌ವೇಯನ್ನು ಪಿಂಗ್ ಮಾಡಿ ನೋಡುತ್ತದೆ, ಎರಡೂ ಕಡೆ ಸಮ ಬಲ ಇದ್ದಾಗ ಯಾರಿಗೆ ಗೇಟ್‌ವೇ ಕಾಣುತ್ತದೋ ಅವರಿಗೆ ಮತ. ಹೊರಗಿನ ದಾರಿ ಇರುವ ನೋಡ್ ಉಳಿಯಬೇಕು ಎಂಬ ಆಸೆ ಇದರಿಂದ ನೆರವೇರುತ್ತದೆ. ಕ್ಯೂನೆಟ್‌ಡಿ ಯಂತ್ರವನ್ನು ಆ ಎರಡು ಸರ್ವರ್‌ಗಳಲ್ಲೇ ಒಂದರ ಮೇಲೆ ಇಡಬೇಡಿ.

ಫೆನ್ಸಿಂಗ್‌ನ ದಾರಿಯನ್ನೂ ನೋಡಿ. ಸರ್ವರನ್ನು ದೂರದಿಂದ ಆಫ್-ಆನ್ ಮಾಡುವ ಐಪಿಎಂಐ ಪೋರ್ಟ್ ಅದೇ ಸ್ವಿಚ್‌ಗೆ ಸಿಕ್ಕಿಸಿದ್ದರೆ ಸ್ವಿಚ್ ಸತ್ತಾಗ ಫೆನ್ಸಿಂಗ್ ಕೂಡ ಸೋಲುತ್ತದೆ, ಸೋತರೆ ಪೇಸ್‌ಮೇಕರ್ ಸೇವೆಯನ್ನು ಎಲ್ಲೂ ಶುರುಮಾಡದೆ ಕಾಯುತ್ತದೆ. ಅದು ಕಾಯುವುದು ಸರಿ, ಪೋರ್ಟ್ ಸಿಕ್ಕಿಸಿದ ಜಾಗ ತಪ್ಪು. ಐಪಿಎಂಐಗೆ ಬೇರೆ ಸ್ವಿಚ್ ಕೊಡಿ. ಸರ್ವರ್‌ನ ಪವರ್ ಪೂರ್ತಿ ಹೋದರೆ ಐಪಿಎಂಐ ಕೂಡ ಸಾಯುವುದರಿಂದ, ಎರಡನೇ ಹಂತದ ಫೆನ್ಸಿಂಗ್ ಆಗಿ ನೆಟ್‌ವರ್ಕ್‌ನಿಂದ ನಿಯಂತ್ರಿಸಬಹುದಾದ ಪಿಡಿಯು (ಕರೆಂಟ್ ಹಂಚುವ ಪೆಟ್ಟಿಗೆ) ಇರಲಿ.

ಪ್ರಶ್ನೆ: ಫೇಲ್‌ಓವರ್ ಇನ್ನೂ ಬೇಗ ಆಗಲೆಂದು ಟೋಕನ್ ಸಮಯವನ್ನು (ಹಾರ್ಟ್‌ಬೀಟ್ ಕೇಳದೆ ಎಷ್ಟು ಹೊತ್ತು ಕಾಯಬೇಕೆಂಬುದು) 500 ಮಿಲಿಸೆಕೆಂಡಿಗೆ ಇಳಿಸಬಹುದೇ? (ಮಂಗಳೂರಿನ ಓದುಗರು)

ಉತ್ತರ: ಇಳಿಸಬಹುದು, ಇಳಿಸಬಾರದು. ಬಾಂಡ್ ಬದಲಾಗುವುದು, ಸ್ವಿಚ್ ಜೋಡಿ ಜವಾಬ್ದಾರಿ ವಹಿಸಿಕೊಳ್ಳುವುದು, ಇವಕ್ಕೆ ತಗಲುವ ಹೊತ್ತಿಗಿಂತ ಟೋಕನ್ ದೊಡ್ಡದಿರಬೇಕು. ಇಲ್ಲದಿದ್ದರೆ ಕೆಳಗಿನ ಪದರ ತಾನೇ ಸರಿಪಡಿಸಿಕೊಳ್ಳುವಷ್ಟರಲ್ಲಿ ಮೇಲಿನ ಪದರ ಸರ್ವರನ್ನೇ ಹೊಡೆದಿರುತ್ತದೆ. ಕೊರೊಸಿಂಕ್ 3.1ರಿಂದ ಟೋಕನ್ ಪೂರ್ವನಿಯೋಜಿತವಾಗಿ 3000 ಮಿಲಿಸೆಕೆಂಡ್, ಅದಕ್ಕೂ ಮುಂಚೆ 1000. ಎರಡಕ್ಕಿಂತ ಹೆಚ್ಚಿನ ಪ್ರತಿ ನೋಡ್‌ಗೆ 650 ಸೇರುತ್ತದೆ, ಹಾಗಾಗಿ 5 ನೋಡ್‌ಗಳಿದ್ದರೆ 4950. ಅದರ ಮೇಲೆ ಉಳಿದ ನೋಡ್‌ಗಳ ಒಮ್ಮತಕ್ಕೆ ಟೋಕನ್‌ನ 1.2 ಪಟ್ಟು ಹೊತ್ತು. ನಿಮ್ಮ ಎಲ್‌ಎಸಿಪಿ 3 ಸೆಕೆಂಡು ತೆಗೆದುಕೊಳ್ಳುತ್ತಿದ್ದು ಹಾರ್ಟ್‌ಬೀಟ್ ಅದೊಂದರ ಮೇಲೆಯೇ ಓಡುತ್ತಿದ್ದರೆ ಟೋಕನ್ 5000ಕ್ಕೆ ಏರಿಸಿ.

ಎರಡು ಊರುಗಳ ನಡುವೆ ಸ್ವಯಂಚಾಲಿತ ಫೇಲ್‌ಓವರ್ ಇಡುವವರು ಇನ್ನೂ ತಾಳ್ಮೆಯಿಂದಿರಬೇಕು. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಕೆಡುತ್ತಿದ್ದ 100ಜಿ ಆಪ್ಟಿಕಲ್ ಉಪಕರಣ ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯ ನೆಟ್‌ವರ್ಕ್ ಕೇಂದ್ರಕ್ಕೂ ಡೇಟಾ ಸೆಂಟರ್‌ಗೂ ನಡುವಿನ ಸಂಪರ್ಕ ಕಡಿದದ್ದು 43 ಸೆಕೆಂಡು ಮಾತ್ರ. ಅಷ್ಟರಲ್ಲಿ ಡೇಟಾಬೇಸ್ ಫೇಲ್‌ಓವರ್ ನಡೆಸುವ ಆರ್ಕೆಸ್ಟ್ರೇಟರ್ ತಂತ್ರಾಂಶ ಪಶ್ಚಿಮ ಕರಾವಳಿಯ ಮೈಎಸ್‌ಕ್ಯೂಎಲ್ ಸರ್ವರ್‌ಗಳಿಗೆ ಪಟ್ಟ ಕಟ್ಟಿತು. ಪೂರ್ವದಲ್ಲಿ ಬರೆದಿದ್ದ, ಇನ್ನೂ ಪಶ್ಚಿಮಕ್ಕೆ ತಲುಪದ ದತ್ತಾಂಶ ಅಲ್ಲೇ ಉಳಿಯಿತು, ಪಶ್ಚಿಮದಲ್ಲಿ ಹೊಸದು ಬರೆಯಲಾಯಿತು. ಎರಡನ್ನೂ ಸರಿಹೊಂದಿಸಿ ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಹೀಗೆ ಹಿಂದೆ ಬೀಳುವ ಪ್ರತಿಕೃತಿ ಇರುವಲ್ಲಿ, ಊರಿಂದೂರಿಗೆ ಬದಲಾಯಿಸುವ ಗುಂಡಿಯನ್ನು ಮನುಷ್ಯ ಒತ್ತಲಿ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ವರ್ಚುವಲ್ ಐಪಿ ಎರಡನೇ ಸರ್ವರ್‌ಗೆ ಬಂದಿದೆ, ಅದೇ ಸಬ್‌ನೆಟ್‌ನವರಿಗೆ ಸಿಗುತ್ತದೆ, ಫೈರ್‌ವಾಲ್ ಆಚೆಯವರಿಗೆ ಸಿಗುವುದಿಲ್ಲ. ಯಾಕೆ? (ಕಲಬುರಗಿಯ ಓದುಗರು)

ಉತ್ತರ: ಫೈರ್‌ವಾಲ್ ಇನ್ನೂ ಹಳೆಯ ಮ್ಯಾಕ್ ವಿಳಾಸವನ್ನೇ ನೆನಪಿಟ್ಟುಕೊಂಡಿದೆ. ಐಪಿ ಏಜೆಂಟ್ ವಿಳಾಸ ಏರಿಸಿದ ಕೂಡಲೇ 200 ಮಿಲಿಸೆಕೆಂಡ್ ಅಂತರದಲ್ಲಿ 5 ಗ್ರಾಚುಯಿಟಸ್ ಎಆರ್‌ಪಿ, ಅಂದರೆ ಯಾರೂ ಕೇಳದೆಯೇ ಹೊಸ ಮ್ಯಾಕ್ ಸಾರುವ ಸಂದೇಶ, ಕಳಿಸುತ್ತದೆ. ಕೆಲವು ಫೈರ್‌ವಾಲ್‌ಗಳು ಸುರಕ್ಷತೆಯ ಹೆಸರಿನಲ್ಲಿ ಅವನ್ನು ಕಡೆಗಣಿಸುತ್ತವೆ. ಸಿಸ್ಕೊ ರೂಟರ್‌ಗಳಲ್ಲಿ ಎಆರ್‌ಪಿ ನೆನಪು ಪೂರ್ವನಿಯೋಜಿತವಾಗಿ 4 ಗಂಟೆ ಇರುತ್ತದೆ. ಫೈರ್‌ವಾಲ್‌ನಲ್ಲಿ ಆ ವಿಳಾಸಕ್ಕೆ ಗ್ರಾಚುಯಿಟಸ್ ಎಆರ್‌ಪಿ ಒಪ್ಪುವಂತೆ ಮಾಡಿ, ಸಂದೇಶಗಳ ಸಂಖ್ಯೆ ಹೆಚ್ಚಿಸಿ. ಎಡಬ್ಲ್ಯೂಎಸ್, ಅಜೂರ್‌ನಂಥ ಕ್ಲೌಡ್‌ಗಳಲ್ಲಿ ಈ ಉಪಾಯ ನಡೆಯುವುದೇ ಇಲ್ಲ. ಅಲ್ಲಿ ಅವರ ಎಪಿಐ ಮೂಲಕ ವಿಳಾಸ ವರ್ಗಾಯಿಸುವ ಏಜೆಂಟ್ ಬೇಕು, ಇಲ್ಲವೇ ಮುಂದೆ ಲೋಡ್ ಬ್ಯಾಲೆನ್ಸರ್ ಬೇಕು.

ಪ್ರಶ್ನೆ: ವಿಎಂವೇರ್ ಎಚ್‌ಎ (ಹೋಸ್ಟ್ ಕೆಟ್ಟರೆ ವರ್ಚುವಲ್ ಯಂತ್ರಗಳನ್ನು ಬೇರೆಡೆ ಎಬ್ಬಿಸುವ ಸೌಲಭ್ಯ) ಇದ್ದರೆ ಇಷ್ಟೆಲ್ಲ ಬೇಕೇ? (ತುಮಕೂರಿನ ಓದುಗರು)

ಉತ್ತರ: ಬೇಕು. ವಿಎಂವೇರ್‌ನ ವಿಸ್ಫಿಯರ್ ಎಚ್‌ಎ ನೋಡುವುದು ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಮತ್ತು ಡೇಟಾಸ್ಟೋರ್ (ಹಂಚಿಕೊಂಡ ಡಿಸ್ಕ್) ಹಾರ್ಟ್‌ಬೀಟ್. ವರ್ಚುವಲ್ ಯಂತ್ರಗಳ ನೆಟ್‌ವರ್ಕ್‌ನ ಎರಡೂ ಅಪ್‌ಲಿಂಕ್ ಬಿದ್ದು, ಮ್ಯಾನೇಜ್‌ಮೆಂಟ್ ಸರಿಯಾಗಿದ್ದರೆ ಅದು ಯಂತ್ರಗಳನ್ನು ಕದಲಿಸುವುದಿಲ್ಲ. ವಿಂಡೋಸ್‌ನ ಹೈಪರ್-ವಿ ಕ್ಲಸ್ಟರ್‌ನಲ್ಲಿ 2012 ಆರ್‌2ರಿಂದ ‘ಪ್ರೊಟೆಕ್ಟೆಡ್ ನೆಟ್‌ವರ್ಕ್’ ಎಂಬ ಗುರುತು ಇದೆ. ಅದನ್ನು ಹಾಕಿದ ಕಾರ್ಡ್ ಸಂಪರ್ಕ ಕಳೆದುಕೊಂಡರೆ ಯಂತ್ರ ಬೇರೆ ಹೋಸ್ಟ್‌ಗೆ ಸಾಗುತ್ತದೆ.

ಪ್ರಶ್ನೆ: ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? ಇಂಟರ್‌ಫೇಸ್ ಡೌನ್ ಮಾಡಿದರೆ ಸಾಕೇ? (ಶಿವಮೊಗ್ಗದ ಓದುಗರು)

ಉತ್ತರ: ಸಾಲದು. ಹಾರ್ಟ್‌ಬೀಟ್ ಇಂಟರ್‌ಫೇಸನ್ನು ‘ಇಫ್‌ಡೌನ್’ ಕಮಾಂಡ್‌ನಿಂದ ಕೆಳಗಿಳಿಸಿದರೆ ಅದರ ವಿಳಾಸವೇ ಮಾಯವಾಗುತ್ತದೆ. ಕೇಬಲ್ ಹೋದಾಗ ಹಾಗಾಗುವುದಿಲ್ಲ. ಕೊರೊಸಿಂಕ್ 2 ಅಂತೂ ವಿಳಾಸ ಮಾಯವಾದರೆ ತನಗೆ ತಾನೇ ಮಾತಾಡುವ ಲೂಪ್‌ಬ್ಯಾಕ್ ವಿಳಾಸಕ್ಕೆ ಅಂಟಿಕೊಂಡು, ನಿಜವಾದ ಅವಘಡದಲ್ಲಿ ಎಂದೂ ಕಾಣದ ರೀತಿಯಲ್ಲಿ ಕೆಡುತ್ತದೆ. ಕೇಬಲ್ ಕಿತ್ತೇ ನೋಡಿ. ದೂರದಲ್ಲಿದ್ದರೆ ಸ್ವಿಚ್ ಪೋರ್ಟ್ ಮುಚ್ಚಿಸಿ. ಹಾರ್ಟ್‌ಬೀಟ್ ಮಾತ್ರ ಕಡಿಯಬೇಕಾದರೆ ಫೈರ್‌ವಾಲ್ ನಿಯಮದಿಂದ ಕೊರೊಸಿಂಕ್‌ನ ಯುಡಿಪಿ ಪೋರ್ಟ್‌ಗಳನ್ನು (5405ರಿಂದ ಶುರು, ಲಿಂಕ್‌ಗೊಂದರಂತೆ) ಒಳಬರುವ ಮತ್ತು ಹೊರಹೋಗುವ ಎರಡೂ ದಿಕ್ಕಿನಲ್ಲಿ ತಡೆಯಿರಿ. ಒಂದೇ ದಿಕ್ಕನ್ನು ತಡೆದರೆ ಒಬ್ಬನಿಗೆ ಕೇಳಿಸಿ ಇನ್ನೊಬ್ಬನಿಗೆ ಕೇಳಿಸದ ಸ್ಥಿತಿ ಉಂಟಾಗುತ್ತದೆ. ಅದೂ ಪರೀಕ್ಷಿಸಬೇಕಾದದ್ದೇ, ಆದರೆ ಬೇರೆ ಪರೀಕ್ಷೆಯಾಗಿ.

ಮೊದಲು ಫೆನ್ಸಿಂಗ್ ಒಂದನ್ನೇ ಕೈಯಾರೆ ನಡೆಸಿ, ಎರಡೂ ದಿಕ್ಕಿನಲ್ಲಿ ಅದು ಹೊಡೆಯುತ್ತದೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಬಾಂಡ್‌ನ ಒಂದು ಕೇಬಲ್ ಕೀಳಿ: ಸೇವೆ ಕದಲಬಾರದು, ಬಾಂಡ್‌ನ ಸ್ಥಿತಿ ಕಡತದಲ್ಲಿ ಲಿಂಕ್ ವೈಫಲ್ಯದ ಎಣಿಕೆ ಒಂದು ಏರಬೇಕು. ಎರಡನ್ನೂ ಕೀಳಿ: ಸೇವೆ ಆ ಕಡೆ ಹೋಗಬೇಕು, ಯಾರೂ ಫೆನ್ಸ್ ಆಗಬಾರದು. ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಿ 5 ನಿಮಿಷ ಬಿಡಿ. ಗೇಟ್‌ವೇ ಒಂದನ್ನೇ ಕಡಿಯಿರಿ: ಸೇವೆ ಇದ್ದಲ್ಲೇ ಇರಬೇಕು. ಕೊನೆಗೆ ಹಾರ್ಟ್‌ಬೀಟ್‌ನ ಎಲ್ಲ ದಾರಿಗಳನ್ನೂ ಕಡಿಯಿರಿ: ನೀವು ಆರಿಸಿದ ನೋಡ್ ಒಂದೇ ಉಳಿಯಬೇಕು. ಪ್ರತಿ ಸಲ ಬಳಕೆದಾರರ ಕಡೆಯ ಯಂತ್ರದಿಂದ ಸೆಕೆಂಡಿಗೊಂದು ಪ್ರಶ್ನೆ ಡೇಟಾಬೇಸ್‌ಗೆ ಕಳಿಸುತ್ತಾ, ಎಷ್ಟು ಸೆಕೆಂಡು ಉತ್ತರ ಬರಲಿಲ್ಲ ಎಂದು ಬರೆದಿಡಿ. ಪಿಂಗ್ ಮಾಡಿ ನೋಡಿದರೆ ಸಾಲದು, ವಿಳಾಸ ಬಂದರೂ ಪೋಸ್ಟ್‌ಗ್ರೆಸ್ ಇನ್ನೂ ಲಾಗ್ ಮರುಓದುತ್ತಿರಬಹುದು.

ಒಂದು ಪರೀಕ್ಷೆ ಮುಗಿದು ಇನ್ನೊಂದಕ್ಕೆ ಹೋಗುವ ಮುಂಚೆ ವೈಫಲ್ಯದ ಎಣಿಕೆ ಅಳಿಸಿ. ಒಂದು ನೋಡ್ ಮೇಲೆ ಸೇವೆ ಶುರುವಾಗಲು ಒಮ್ಮೆ ಸೋತರೂ, ಪೂರ್ವನಿಯೋಜಿತವಾಗಿ ಪೇಸ್‌ಮೇಕರ್ ಆ ನೋಡನ್ನು ಆ ಸೇವೆಗೆ ನಿಷೇಧಿಸುತ್ತದೆ. ‘ಪಿಸಿಎಸ್ ರಿಸೋರ್ಸ್ ಕ್ಲೀನಪ್’ ಕಮಾಂಡ್ ಕೊಡುವವರೆಗೂ, ಅಥವಾ ‘ಫೇಲ್ಯೂರ್ ಟೈಮ್‌ಔಟ್’ ಮುಗಿಯುವವರೆಗೂ ಅದು ಹಾಗೇ ಇರುತ್ತದೆ. ಪರೀಕ್ಷೆಯ ದಿನ ಅಳಿಸದೆ ಬಿಟ್ಟ ಆ ಎಣಿಕೆಯಿಂದಾಗಿ, ತಿಂಗಳುಗಳ ನಂತರ ನಿಜವಾಗಿ ಕೇಬಲ್ ಹೋದ ರಾತ್ರಿ ಸೇವೆಗೆ ಹೋಗಲು ಜಾಗವೇ ಇರುವುದಿಲ್ಲ.